ಹಲ್ಲುಚಕ್ರ ಕಾಣುತ್ತದೆ, ಕಲ್ಲಿದ್ದಲು ಕಾಣುವುದಿಲ್ಲ: ಆನ್‌ಲೈನ್ ಲೋಕಗಳಲ್ಲಿ ವಿಕ್ಟೋರಿಯಾ ಕಾಲದ ಸ್ಟೀಮ್‌ಪಂಕ್

ಕಂಪ್ಯೂಟರ್ ಮೂಲಕ ಒಳಹೊಕ್ಕು ಓಡಾಡಬಹುದಾದ ಕೃತಕ ಲೋಕಗಳ ಸುತ್ತ, ಮೆಟಾವರ್ಸ್ ಎಂಬ ಹೆಸರಿನಲ್ಲಿ ಕೆಲವು ವರ್ಷಗಳ ಹಿಂದೆ ಎದ್ದಿದ್ದ ಅಬ್ಬರ ಈಗ ಇಳಿದಿದೆ. ಮೈಕ್ರೋಸಾಫ್ಟ್ ತನ್ನ ಆಲ್ಟ್‌ಸ್ಪೇಸ್‌ವಿಆರ್ ಲೋಕವನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು. ಮೊಝಿಲ್ಲಾ ಸಂಸ್ಥೆಯ ಹಬ್ಸ್ 2024ರ ಮೇ ಕೊನೆಗೆ ನಿಂತಿತು. 2021ರ ಅಕ್ಟೋಬರ್‌ನಲ್ಲಿ ಮೆಟಾವರ್ಸ್‌ಗಾಗಿ ತನ್ನ ಹೆಸರನ್ನೇ ಬದಲಿಸಿಕೊಂಡ ಮೆಟಾ ಕಂಪನಿಯು ತನ್ನ ವರ್ಚುವಲ್ ಕಚೇರಿಯಾದ ವರ್ಕ್‌ರೂಮ್ಸ್‌ಗೆ 2026ರ ಫೆಬ್ರುವರಿಯಲ್ಲಿ ಬೀಗ ಹಾಕಿತು. ಆ ಕಂಪನಿಯ ರಿಯಾಲಿಟಿ ಲ್ಯಾಬ್ಸ್ ವಿಭಾಗ 2020ರಿಂದ 2024ರವರೆಗೆ ತೋರಿಸಿದ ನಷ್ಟವೇ 6,000 ಕೋಟಿ ಡಾಲರ್‌ಗಿಂತ ಹೆಚ್ಚು.

ಈ ಸುದ್ದಿಗಳನ್ನು ಓದಿದವರಿಗೆ ಗೊಂದಲ ಹುಟ್ಟಿಸುವ ಸಂಗತಿಯೊಂದಿದೆ. ಇಷ್ಟು ಹಣ ಸುರಿದ ಲೋಕಗಳು ಮುಚ್ಚುತ್ತಿರುವಾಗ, 2003ರ ಜೂನ್‌ನಲ್ಲಿ ತೆರೆದ ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕ ಇನ್ನೂ ನಡೆಯುತ್ತಿದೆ. ಅದರೊಳಗೆ 2006ರಲ್ಲಿ ಬಳಕೆದಾರರೇ ಕಟ್ಟಿದ ಕ್ಯಾಲಡನ್ ಎಂಬ ವಿಕ್ಟೋರಿಯಾ ಕಾಲದ ಸಂಸ್ಥಾನವೂ, ಮಸಿ ಹಿಡಿದ ನ್ಯೂ ಬ್ಯಾಬೇಜ್ ನಗರವೂ ಉಳಿದುಕೊಂಡಿವೆ. ಅಲ್ಲಿ ಅವತಾರಗಳು, ಅಂದರೆ ಪರದೆಯ ಮೇಲೆ ಬಳಕೆದಾರರು ತಳೆದ ರೂಪಗಳು, ಟಾಪ್ ಹ್ಯಾಟ್ ಧರಿಸಿ ವಾಯುನೌಕೆ ಏರುತ್ತವೆ, ಹಿತ್ತಾಳೆಯ ಯಂತ್ರಗಳನ್ನು ಮಾರುತ್ತವೆ, ವಾರದ ಕೊನೆಗೆ ನೃತ್ಯಕೂಟ ಏರ್ಪಡಿಸುತ್ತವೆ. ಕಂಪನಿಗಳ ಲೋಕ ಬಾಳದೆ ಹೋದಲ್ಲಿ ಇವು ಬಾಳಿದ್ದು ಹೇಗೆ ಎಂಬುದು ಮೊದಲ ಪ್ರಶ್ನೆ. ಬಿಡುವಿರುವವರೆಲ್ಲ ಸೇರಿ ಮನಸ್ಸಿಗೆ ಬಂದ ಲೋಕ ಕಟ್ಟಬಹುದಾಗಿದ್ದಾಗ ವಿಕ್ಟೋರಿಯಾ ರಾಣಿಯ ಕಾಲವನ್ನೇ ಏಕೆ ಆರಿಸಿಕೊಂಡರು, ಆ ಕಾಲದಿಂದ ಏನನ್ನು ತಂದು ಏನನ್ನು ಬಿಟ್ಟರು ಎಂಬುದು ಅದಕ್ಕಿಂತ ತೂಕದ ಪ್ರಶ್ನೆ.

ನಡೆಯದೆ ಹೋದ ಇತಿಹಾಸದ ಕಲ್ಪನೆ

ಸ್ಟೀಮ್‌ಪಂಕ್ ಎಂಬ ಹೆಸರು ಚಲಾವಣೆಗೆ ಬಂದದ್ದು 1987ರಲ್ಲಿ. ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್ ಅವರು ಲೋಕಸ್ ಪತ್ರಿಕೆಗೆ ಬರೆದ ಪತ್ರದಲ್ಲಿ, ತಾವೂ ತಮ್ಮ ಗೆಳೆಯರೂ ಬರೆಯುತ್ತಿದ್ದ ವಿಕ್ಟೋರಿಯಾ ಕಾಲದ ಕಾಲ್ಪನಿಕ ಕಥೆಗಳಿಗೆ ಈ ಹೆಸರನ್ನು ಸೂಚಿಸಿದರು. ಉಗಿಯಂತ್ರದ ಯುಗದಲ್ಲೇ ಕಂಪ್ಯೂಟರ್, ಆಕಾಶಯಾನ, ಯಂತ್ರಮಾನವ ಎಲ್ಲವೂ ಬಂದುಬಿಟ್ಟಿದ್ದರೆ ಜಗತ್ತು ಹೇಗಿರುತ್ತಿತ್ತು ಎಂಬ ಊಹೆ ಈ ಪ್ರಕಾರದ ಬುನಾದಿ.

ಆ ಊಹೆ ಪೂರ್ತಿ ಗಾಳಿಯ ಮಾತಲ್ಲ. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 1820ರ ದಶಕದಲ್ಲಿ ಕೈಗೆತ್ತಿಕೊಂಡ ಲೆಕ್ಕದ ಯಂತ್ರಕ್ಕೆ ಬ್ರಿಟಿಷ್ ಸರ್ಕಾರ ಸುಮಾರು 17,000 ಪೌಂಡ್ ಖರ್ಚು ಮಾಡಿ, 1842ರಲ್ಲಿ ಕೈಬಿಟ್ಟಿತು. ಅವರು 1840ರ ದಶಕದ ಕೊನೆಯಲ್ಲಿ ಬಿಡಿಸಿದ ಎರಡನೆಯ ಯಂತ್ರದ ನಕ್ಷೆಯನ್ನು ಹಿಡಿದು ಲಂಡನ್ನಿನ ವಿಜ್ಞಾನ ಸಂಗ್ರಹಾಲಯ 1991ರಲ್ಲಿ ಅದನ್ನು ನಿಜವಾಗಿಯೂ ಕಟ್ಟಿ ತೋರಿಸಿತು. ಮುದ್ರಣದ ಭಾಗ 2002ರಲ್ಲಿ ಸೇರಿತು. 8,000 ಬಿಡಿಭಾಗಗಳ, 5 ಟನ್ ತೂಕದ ಆ ಯಂತ್ರ ಸರಿಯಾಗಿಯೇ ಲೆಕ್ಕ ಮಾಡಿತು. ಅಂದರೆ ಆ ವಿನ್ಯಾಸದಲ್ಲಿ ಮೂಲಭೂತ ತಪ್ಪಿರಲಿಲ್ಲ. ಹಣ, ರಾಜಕೀಯ, ಜಗಳಗಳು ಅದನ್ನು ಕಾಗದದಲ್ಲೇ ಉಳಿಸಿದವು. ನ್ಯೂ ಬ್ಯಾಬೇಜ್ ನಗರ ಅವರ ಹೆಸರನ್ನೇ ಹೊತ್ತಿದೆ.

ಇದರ ಸೆಳೆತಕ್ಕೆ ಇನ್ನೊಂದು ಕಾರಣ ನಮ್ಮ ಕೈಯಲ್ಲಿರುವ ಸಾಧನಗಳಲ್ಲೇ ಇದೆ. ಮೊಬೈಲ್ ಫೋನಿನ ಒಳಗೆ ಏನು ನಡೆಯುತ್ತದೆಂದು ಬಳಸುವವನಿಗೆ ಕಾಣುವುದಿಲ್ಲ, ಬಿಚ್ಚಿ ನೋಡಿದರೂ ತಿಳಿಯುವುದಿಲ್ಲ, ಎಷ್ಟೋ ಬಾರಿ ಬಿಚ್ಚಲು ಬಿಡುವುದೂ ಇಲ್ಲ. ಹಿತ್ತಾಳೆಯ ಹಲ್ಲುಚಕ್ರ, ಒತ್ತಡದ ಮಾಪಕ, ತಿರುಪುಗಳಿಂದ ಬಿಗಿದ ಕೊಳವೆ ಇವೆಲ್ಲ ತಮ್ಮ ಕೆಲಸವನ್ನು ಮುಚ್ಚಿಡುವುದಿಲ್ಲ. 2000ದ ದಶಕದ ಕೊನೆಯಲ್ಲಿ ಬರುತ್ತಿದ್ದ ಸ್ಟೀಮ್‌ಪಂಕ್ ಮ್ಯಾಗಝೀನ್ ‘ಯಂತ್ರವನ್ನು ಪ್ರೀತಿಸು, ಕಾರ್ಖಾನೆಯನ್ನು ದ್ವೇಷಿಸು’ ಎಂಬ ಘೋಷವಾಕ್ಯ ಇಟ್ಟುಕೊಂಡಿತ್ತು. ಬಳಸುವವನಿಗೆ ಅರ್ಥವಾಗುವ, ಅವನೇ ರಿಪೇರಿ ಮಾಡಬಹುದಾದ ಯಂತ್ರ ಬೇಕು ಎಂಬ ಆಸೆ ಇದರಲ್ಲಿದೆ. ಅದು ಗೌರವಿಸಬೇಕಾದ ಆಸೆ.

ಕ್ಯಾಲಡನ್ ಬಾಳಿದ್ದೇಕೆ?

ಸೆಕೆಂಡ್ ಲೈಫ್‌ನಲ್ಲಿ ನೆಲ ಪುಕ್ಕಟೆಯಲ್ಲ. ಒಂದು ಪ್ರದೇಶ ಎಂದರೆ 256 ಮೀಟರ್ ಉದ್ದ, 256 ಮೀಟರ್ ಅಗಲ, ಅಂದರೆ ಸುಮಾರು 16 ಎಕರೆ. ಇಂಥ ಒಂದು ಖಾಸಗಿ ಪ್ರದೇಶದ ತಿಂಗಳ ಬಾಡಿಗೆ ಬಹುಕಾಲ 295 ಡಾಲರ್ ಇತ್ತು. 2018ರಲ್ಲಿ ಅದನ್ನು ಇಳಿಸಲಾಯಿತು. ಕ್ಯಾಲಡನ್ ಇಂಥ ಪ್ರದೇಶಗಳನ್ನು ಒಂದಕ್ಕೊಂದು ಜೋಡಿಸಿ ಬೆಳೆಯಿತು. ಅಲ್ಲಿ ಮನೆ ಮಾಡಿದವರು ಚಿಕ್ಕ ಚಿಕ್ಕ ಪಾಲುಗಳನ್ನು ಬಾಡಿಗೆಗೆ ಪಡೆದರು. ಆ ಹಣ ಒಟ್ಟುಗೂಡಿ, ಸೆಕೆಂಡ್ ಲೈಫ್ ನಡೆಸುವ ಲಿಂಡೆನ್ ಲ್ಯಾಬ್ ಕಂಪನಿಗೆ ಹೋಯಿತು. ಹೀಗಾಗಿ ಊರು ನಡೆಯಬೇಕಾದರೆ ಜನ ಬಂದು ಹೋದರೆ ಸಾಲದು, ನೆಲೆಸಬೇಕು. ನೆಲೆಸಬೇಕಾದರೆ ನಾಳೆಯೂ ಅಲ್ಲಿ ಏನೋ ನಡೆಯುತ್ತದೆ ಎಂಬ ಭರವಸೆ ಬೇಕು.

ಆ ಭರವಸೆಯನ್ನು ವಿಕ್ಟೋರಿಯಾ ಶೈಲಿ ಒದಗಿಸಿತು. ಹೇಗೆಂದರೆ, ಶೈಲಿಯೊಂದು ಎಲ್ಲರಿಗೂ ಗೊತ್ತಿದ್ದಾಗ ಅಕ್ಕಪಕ್ಕದ ಮನೆಗಳು ಹೊಂದಿಕೊಳ್ಳುತ್ತವೆ. ಗಾಜಿನ ಗಗನಚುಂಬಿಯ ಪಕ್ಕ ಗುಲಾಬಿ ಬಣ್ಣದ ಕೋಟೆ ಏಳುವ ಅವ್ಯವಸ್ಥೆ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಕಾಲದ ನಯವಿನಯದ ರೂಢಿ ನಡವಳಿಕೆಯ ನಿಯಮವಾಗಿಯೂ ಕೆಲಸ ಮಾಡಿತು. ಹೊಸಬರನ್ನು ಹೆಸರು ಹಿಡಿದು ಸ್ವಾಗತಿಸುವುದು, ಬೈಗುಳ ಬಳಸದಿರುವುದು, ಮಾತಿಗೆ ಮಾತು ಕೂಡಿಸುವುದು ಪಾತ್ರದ ಭಾಗವೇ ಆದಾಗ, ಕಿರುಕುಳ ಕೊಡುವವನು ನಿಯಮಪುಸ್ತಕ ತೆರೆಯದೆಯೇ ಎದ್ದು ಕಾಣುತ್ತಾನೆ. ಕ್ಯಾಲಡನ್ ಆಕ್ಸ್‌ಬ್ರಿಜ್ ಎಂಬ ‘ವಿಶ್ವವಿದ್ಯಾಲಯ’ ಹೊಸ ಬಳಕೆದಾರರಿಗೆ ನಡೆಯುವುದು, ಹಾರುವುದು, ಕಟ್ಟುವುದನ್ನು ಕಲಿಸುತ್ತಾ ಬಂದಿದೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಗಾಗಿ ಸೆಕೆಂಡ್ ಲೈಫ್‌ನಲ್ಲಿ ವರ್ಷವರ್ಷ ನಡೆಯುವ ರಿಲೇ ಫಾರ್ ಲೈಫ್‌ಗೆ ಈ ಸಮುದಾಯ ಹುರುಪಿನಿಂದ ಹಣ ಕೂಡಿಸಿದೆ.

ಮೆಟಾದ ಲೋಕಗಳಿಗೆ ಕೊರತೆಯಾದದ್ದು ತಂತ್ರಜ್ಞಾನವಲ್ಲ. ಅಲ್ಲಿಗೆ ಹೋದವನಿಗೆ ಮಾಡಲು ಕೆಲಸವಿರಲಿಲ್ಲ, ಕಾಯುವವರು ಇರಲಿಲ್ಲ, ತಾನು ಹೋಗದಿದ್ದರೆ ನಿಂತುಹೋಗುವಂಥದ್ದು ಏನೂ ಇರಲಿಲ್ಲ.

ಒಂದು ಬಾಯ್ಲರ್ ಹೇಗೆ ‘ಓಡುತ್ತದೆ’

ಇಲ್ಲಿ ಒಂದು ವಸ್ತುವನ್ನು ಹತ್ತಿರದಿಂದ ನೋಡಬೇಕು. ಸೆಕೆಂಡ್ ಲೈಫ್‌ನ ಅಂಗಡಿಯಲ್ಲಿ ಸಿಗುವ ಹಿತ್ತಾಳೆಯ ಬಾಯ್ಲರ್ ಒಂದರಲ್ಲಿ ಎರಡು ಹಲ್ಲುಚಕ್ರಗಳು ಒಂದಕ್ಕೊಂದು ಹಲ್ಲು ಕಚ್ಚಿ ತಿರುಗುವಂತೆ ತೋರುತ್ತವೆ. ಚಿಮಣಿಯಿಂದ ಬೂದುಬಣ್ಣದ ಹೊಗೆ ಏಳುತ್ತದೆ. ಮಾಪಕದ ಮುಳ್ಳು ನಡುಗುತ್ತದೆ. ನಿಜದಲ್ಲಿ ಮೊದಲ ಚಕ್ರ ಎರಡನೆಯದನ್ನು ತಿರುಗಿಸುವುದಿಲ್ಲ. ಎರಡಕ್ಕೂ ಎಲ್ಎಲ್‌ಟಾರ್ಗೆಟ್‌ಒಮೆಗಾ ಎಂಬ ಒಂದೇ ಆದೇಶವನ್ನು ಎದುರುಬದುರು ದಿಕ್ಕಿನಲ್ಲಿ ಕೊಟ್ಟಿರುತ್ತಾರೆ. ಆ ತಿರುಗುವಿಕೆಯ ಚಿತ್ರವನ್ನು ಲಿಂಡೆನ್ ಲ್ಯಾಬ್‌ನ ಸರ್ವರ್ ಲೆಕ್ಕ ಹಾಕುವುದೂ ಇಲ್ಲ. ನೋಡುವವನ ಮನೆಯ ಕಂಪ್ಯೂಟರ್ ತನ್ನಷ್ಟಕ್ಕೆ ಬಿಡಿಸಿಕೊಳ್ಳುತ್ತದೆ. ಹೊಗೆಯೂ ಹಾಗೆಯೇ. ಪಕ್ಕದಲ್ಲಿ ನಿಂತ ಇನ್ನೊಬ್ಬರ ಪರದೆಯಲ್ಲಿ ಹೊಗೆಯ ಕಣಗಳು ಬೇರೆಯದೇ ಜಾಗದಲ್ಲಿರುತ್ತವೆ.

ಇದು ಮೋಸವಲ್ಲ, ಸಾವಿರಾರು ವಸ್ತುಗಳಿರುವ ಊರು ನಿಧಾನವಾಗದಂತೆ ನೋಡಿಕೊಳ್ಳುವ ಜಾಣ್ಮೆ. ಆದರೆ ಅದರ ಪರಿಣಾಮ ದೊಡ್ಡದು. ಉಗಿಯಂತ್ರದ ತಿರುಳೇ ಕಾರಣ ಮತ್ತು ಕಾರ್ಯದ ಸರಪಳಿ: ಕಲ್ಲಿದ್ದಲು ಉರಿದರೆ ನೀರು ಕುದಿಯುತ್ತದೆ, ನೀರು ಕುದಿದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ಚಕ್ರ ತಿರುಗುತ್ತದೆ. ಕಲ್ಲಿದ್ದಲಿಗೆ ಗಣಿ ಬೇಕು, ಗಣಿಗೆ ಆಳು ಬೇಕು, ಆಳಿಗೆ ಕೂಲಿ ಕೊಡಬೇಕು ಅಥವಾ ಕೊಡದೆ ದುಡಿಸಿಕೊಳ್ಳಬೇಕು. ವರ್ಚುವಲ್ ಬಾಯ್ಲರ್ ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದೆ. ಯಂತ್ರದ ಒಳಗು ಕಾಣಬೇಕು ಎಂದು ಹೊರಟ ಶೈಲಿ, ಯಂತ್ರ ನಡೆಯಲು ಬೇಕಾದದ್ದನ್ನು ಮುಚ್ಚಿಬಿಟ್ಟಿದೆ. ಸ್ಟೀಮ್‌ಪಂಕ್ ಮೇಲಿನ ರಾಜಕೀಯ ಆಕ್ಷೇಪಗಳೆಲ್ಲ ಕೊನೆಗೆ ಈ ಒಂದು ಕತ್ತರಿಸುವಿಕೆಗೇ ಬಂದು ಮುಟ್ಟುತ್ತವೆ.

ವಾದ ಮತ್ತು ಪ್ರತಿವಾದ

ಆಕ್ಷೇಪ ಹೊಸದಲ್ಲ. ಬ್ರಿಟಿಷ್ ವೈಜ್ಞಾನಿಕ ಕಥೆಗಾರ ಚಾರ್ಲ್ಸ್ ಸ್ಟ್ರಾಸ್ 2010ರಲ್ಲಿ ಬರೆದ ಟಿಪ್ಪಣಿಯಲ್ಲಿ, ಹಸಿವು, ಕಾಯಿಲೆ, ಬಾಲದುಡಿಮೆ, ವಸಾಹತು ಲೂಟಿಗಳನ್ನು ಬದಿಗಿಟ್ಟು ಆ ಕಾಲವನ್ನು ಮೋಹಕವಾಗಿ ಚಿತ್ರಿಸುವ ಪ್ರವೃತ್ತಿಯನ್ನು ಖಾರವಾಗಿ ಟೀಕಿಸಿದರು. ಅದಕ್ಕೂ ಒಂದು ವರ್ಷ ಮೊದಲೇ ಡಯಾನಾ ಫೋ ‘ಬಿಯಾಂಡ್ ವಿಕ್ಟೋರಿಯಾನಾ’ ಎಂಬ ಹೆಸರಿನಲ್ಲಿ, ಯುರೋಪಿನ ಆಚೆಯ ಜನರ ಕಣ್ಣಿನಿಂದ ಸ್ಟೀಮ್‌ಪಂಕ್ ಅನ್ನು ನೋಡುವ ಬರಹಗಳನ್ನು ಆರಂಭಿಸಿದ್ದರು. ಉಡುಪು ವಿಕ್ಟೋರಿಯಾ ಕಾಲದ್ದಾದರೆ ಆ ಉಡುಪಿನ ಹತ್ತಿ ಎಲ್ಲಿಂದ ಬಂತು ಎಂದೂ ಕೇಳಬೇಕಲ್ಲವೇ ಎಂಬುದು ಇಂಥವರ ವಾದದ ಸಾರ.

ಸಮರ್ಥಕರ ಮಾತಿನಲ್ಲೂ ಹುರುಳಿದೆ. ಇದು ಇತಿಹಾಸವಲ್ಲ, ಇತಿಹಾಸದ ತಿದ್ದುಪಡಿ ಎನ್ನುತ್ತಾರೆ ಅವರು. ನಿಜವಾದ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಹೆಂಗಸು ಸಂಸತ್ತಿಗೆ ಮತ ಹಾಕುವಂತಿರಲಿಲ್ಲ. ಸ್ಟೀಮ್‌ಪಂಕ್‌ನಲ್ಲಿ ಆಕೆ ವಾಯುನೌಕೆಯ ಕಪ್ತಾನಳು, ಎಂಜಿನಿಯರ್, ನಗರಪಾಲಕಿ. ಮನೆಯಿಂದ ಹೊರಗೆ ಓಡಾಡಲಾಗದ ಅಂಗವಿಕಲರು ಅವತಾರದ ಮೂಲಕ ಈ ಊರುಗಳಲ್ಲಿ ಪೂರ್ತಿ ಬದುಕು ನಡೆಸುತ್ತಾರೆ. ದಿನವಿಡೀ ದುಡಿದು ಬಂದು ಒಂದು ಗಂಟೆ ನೃತ್ಯಕೂಟದಲ್ಲಿ ಕಳೆಯುವವರ ಮುಂದೆ ಕಲ್ಲಿದ್ದಲು ಗಣಿಯ ದುಃಖ ಇಡಬೇಕೆಂದು ಒತ್ತಾಯಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಆದರೂ ಒಂದು ಅಂಶ ಸಮರ್ಥಕರ ಕಡೆ ಬಾಗುವುದಿಲ್ಲ. ನ್ಯೂ ಬ್ಯಾಬೇಜ್‌ನಲ್ಲಿ ಬೀದಿಮಕ್ಕಳ ಪಾತ್ರ ವಹಿಸುವ ಅವತಾರಗಳದ್ದೇ ಒಂದು ಬಳಗವಿದೆ. ಅವರು ಚುರುಕಿನವರು, ಕಥೆಗಳನ್ನು ಮುಂದಕ್ಕೆ ಒಯ್ಯುವವರು, ಊರಿನ ಜೀವಾಳವೆಂದರೂ ತಪ್ಪಾಗದು. ಆದರೆ ಆ ಮಕ್ಕಳಿಗೆ ಹಸಿವಾಗುವುದಿಲ್ಲ. ಸರಪಳಿ ಕತ್ತರಿಸಿದ ಮೇಲೆ ಬಡತನವೂ ವೇಷವಾಗುತ್ತದೆ. ಹಾಗೆ ಆಡುವವರಲ್ಲಿ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ.

ಮೈಸೂರಿನ ಕಡೆಯಿಂದ ನೋಡಿದಾಗ

ಕನ್ನಡದ ಓದುಗರಿಗೆ ಈ ಚರ್ಚೆ ದೂರದ್ದಲ್ಲ. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿ ಎಂದು ಸಾರಿದ ಹೊತ್ತಿಗೆ, ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದ ಕ್ಷಾಮ ಮೈಸೂರು ಸೀಮೆಯಲ್ಲಿ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಸಂಸ್ಥಾನ ಆಗ ನೇರವಾಗಿ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಬೆಂಗಳೂರಿಗೆ ಉಗಿಬಂಡಿ 1864ರಲ್ಲೇ ಬಂದಿತ್ತು. ಬೆಂಗಳೂರಿನಿಂದ ಮೈಸೂರಿಗೆ ರೈಲುಮಾರ್ಗದ ಕೆಲಸ ಆರಂಭವಾದದ್ದು ಈ ಬರಪರಿಹಾರದ ಕಾಮಗಾರಿಯಾಗಿ. ಹಳಿಯ ಕೆಳಗಿನ ಮಣ್ಣನ್ನು ಹೊತ್ತವರು ಹಸಿದ ಜನ.

ಕೋಲಾರದ ಚಿನ್ನದ ಗಣಿಯದೂ ಅದೇ ಕಾಲದ ಕಥೆ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಅಲ್ಲಿಗೆ ಬಂದಾಗ ಗಣಿಗಳನ್ನು ನಡೆಸಿದ್ದು ಉಗಿಯಂತ್ರಗಳೇ. ಉರುವಲಿನ ಖರ್ಚು ತಾಳಲಾಗದೆ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ವಿದ್ಯುತ್ ತಂದರು. ಮೇಲೆ ಇಂಗ್ಲಿಷರ ಬಂಗಲೆ, ಕ್ಲಬ್ಬು. ಕೆಳಗೆ ಸುರಂಗದಲ್ಲಿ ಬಹುಪಾಲು ತಮಿಳು, ತೆಲುಗು ಮಾತಿನ ದಲಿತ ಕಾರ್ಮಿಕರು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿಯಿತು. ಸ್ಟೀಮ್‌ಪಂಕ್ ಚಿತ್ರಗಳಲ್ಲಿ ಮಿನುಗುವ ಲೋಹಕ್ಕೆ ನಿಜದ ವಿಳಾಸ ಬೇಕಿದ್ದರೆ ಅದು ಇಲ್ಲಿಯೂ ಸಿಗುತ್ತದೆ.

ಇನ್ನೊಂದು ನಂಟು ಕಲ್ಪನೆಯದು, ಆದರೆ ಗಟ್ಟಿಯಾದದ್ದು. ಸ್ಟೀಮ್‌ಪಂಕ್ ಬಳಗ ತನ್ನ ಮೂಲಪುರುಷನೆಂದು ಭಾವಿಸುವ ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಸೃಷ್ಟಿಸಿದ ಜಲಾಂತರ್ಗಾಮಿಯ ಕಪ್ತಾನ ನೀಮೋ ಯಾರೆಂಬುದು 1870ರ ದಶಕದ ಮುಂದಿನ ಕಾದಂಬರಿಯಲ್ಲಿ ಬಯಲಾಗುತ್ತದೆ: ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರ ಸಂಬಂಧದ ಮಗ, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಎಲ್ಲವನ್ನೂ ಕಳೆದುಕೊಂಡವನು. ಆ ಕಾಲದ ಇಂಗ್ಲಿಷ್ ಅನುವಾದ ಅವನ ಬ್ರಿಟಿಷ್ ವಿರೋಧದ ಮಾತುಗಳನ್ನು ತಿದ್ದಿ ಮೆತ್ತಗೆ ಮಾಡಿತು. ಹೀಗೆ ಈ ಪ್ರಕಾರದ ಅತ್ಯಂತ ಪ್ರಸಿದ್ಧ ಯಂತ್ರನಾಯಕ ಸಾಮ್ರಾಜ್ಯದ ಶತ್ರು ಎಂಬ ಸಂಗತಿಯೇ ಇಂಗ್ಲಿಷ್ ಓದುಗರಿಂದ ಬಹುಮಟ್ಟಿಗೆ ಮರೆಯಾಯಿತು. ಕತ್ತರಿ ಆಡಿದ್ದು ಸ್ಟೀಮ್‌ಪಂಕ್ ಎಂಬ ಹೆಸರು ಹುಟ್ಟುವುದಕ್ಕೂ ಒಂದು ಶತಮಾನ ಮೊದಲೇ. ಶ್ರೀರಂಗಪಟ್ಟಣದಿಂದ 1799ರಲ್ಲಿ ಹೊತ್ತೊಯ್ದ ಟಿಪ್ಪುವಿನ ಯಾಂತ್ರಿಕ ಹುಲಿ, ಹಿಡಿ ತಿರುಗಿಸಿದರೆ ಗರ್ಜಿಸುವ ಆ ಮರದ ಯಂತ್ರ, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ ಎಂಬುದನ್ನೂ ಇದರ ಜೊತೆಗೆ ನೆನೆಯಬೇಕು.

ಕಥೆ ಮುಂದೆ ಹೋಯಿತು, ಊರು ಹಿಂದೆ ಉಳಿಯಿತು

ಈ ಟೀಕೆಗಳಿಗೆ ಕಾದಂಬರಿಕಾರರು ಬೇಗ ಸ್ಪಂದಿಸಿದರು. ನಿಸಿ ಶಾಲ್ ಅವರ 2016ರ ಕಾದಂಬರಿ ‘ಎವರ್‌ಫೇರ್’ ಕಾಂಗೋದಲ್ಲಿ ನಡೆಯುತ್ತದೆ. ಬೆಲ್ಜಿಯಂ ದೊರೆ ಲಿಯೊಪೋಲ್ಡನ ರಬ್ಬರ್ ದಂಧೆಯಲ್ಲಿ ಆಫ್ರಿಕನ್ನರ ಕೈಗಳನ್ನು ಕಡಿಯುತ್ತಿದ್ದದ್ದು ಇತಿಹಾಸ. ಈ ಕಾದಂಬರಿಯಲ್ಲಿ ಹಾಗೆ ಕೈ ಕಳೆದುಕೊಂಡವರಿಗೆ ಲೋಹದ ಕೈಗಳನ್ನು ಜೋಡಿಸಲಾಗುತ್ತದೆ. ಆನ್‌ಲೈನ್ ಅಂಗಡಿಯಲ್ಲಿ ಹಿತ್ತಾಳೆಯ ಕೈ ಒಂದು ಸೊಗಸಿನ ಆಭರಣ. ಅದೇ ವಸ್ತು ಇಲ್ಲಿ ಒಂದು ಅಪರಾಧದ ಸಾಕ್ಷಿ. ಸರಪಳಿಯನ್ನು ಹಿಂದಕ್ಕೆ ಜೋಡಿಸಿದರೆ ಶೈಲಿಯ ಅರ್ಥ ಎಷ್ಟು ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಆಟಗಳೂ ಸುಮ್ಮನಿಲ್ಲ. 2009ರಿಂದ ನಡೆಯುತ್ತಿರುವ ‘ಫಾಲನ್ ಲಂಡನ್’ ಎಂಬ ಅಕ್ಷರರೂಪದ ಆನ್‌ಲೈನ್ ಆಟದಲ್ಲಿ ಲಂಡನ್ ನಗರವೇ ನೆಲದಡಿಗೆ ಮಾರಾಟವಾಗಿದೆ, ಮಾರಿದವಳು ರಾಣಿ. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2018ರಲ್ಲಿ ತಂದ ‘ಫ್ರಾಸ್ಟ್‌ಪಂಕ್’ ಆಟದಲ್ಲಿ ಹಿಮದ ನಡುವಿನ ನಗರವನ್ನು ಒಂದು ದೈತ್ಯ ಕಲ್ಲಿದ್ದಲು ಯಂತ್ರ ಬೆಚ್ಚಗಿಡುತ್ತದೆ; ಕಲ್ಲಿದ್ದಲು ಸಾಲದಾದಾಗ ಮಕ್ಕಳನ್ನು ದುಡಿಮೆಗೆ ಹಚ್ಚುವ ಕಾನೂನಿಗೆ ಆಟಗಾರನೇ ಸಹಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗುತ್ತದೆ.

ಹಾಗಾದರೆ ವರ್ಚುವಲ್ ಊರುಗಳೇಕೆ ಹಿಂದೆ ಉಳಿದವು? ಕಾರಣ ಮನೋಭಾವಕ್ಕಿಂತ ಹೆಚ್ಚಾಗಿ ಹಣದ ಏರ್ಪಾಟಿನಲ್ಲಿದೆ. ಕಾದಂಬರಿಯ ಓದುಗ ಒಮ್ಮೆ ದುಡ್ಡು ಕೊಟ್ಟು ಕೆಲವು ದಿನ ದುಃಖವನ್ನು ಸಹಿಸಬಲ್ಲ. ಊರಿನ ನಿವಾಸಿ ತಿಂಗಳು ತಿಂಗಳು ಬಾಡಿಗೆ ಕಟ್ಟಿ ಅಲ್ಲಿಯೇ ಇರಬೇಕು. ಗಣಿಯಲ್ಲಿ ದುಡಿಯುವ ಪಾತ್ರಕ್ಕಾಗಿ ಡಾಲರ್ ಕೊಡುವವರು ವಿರಳ, ಡ್ಯೂಕ್ ಪದವಿಗೆ ಕೊಡುವವರು ಹಲವರು. ಕ್ಯಾಲಡನ್‌ಗೆ ಎರಡು ದಶಕಗಳ ಆಯಸ್ಸು ಕೊಟ್ಟ ವ್ಯವಸ್ಥೆಯೇ ಅದನ್ನು ಕಠಿಣ ಪ್ರಶ್ನೆಗಳಿಂದ ದೂರ ಇಟ್ಟಿದೆ.

ಇದು ಬದಲಾಗಲಾರದ ಸ್ಥಿತಿಯೇನೂ ಅಲ್ಲ. ಸೆಕೆಂಡ್ ಲೈಫ್‌ನಲ್ಲಿ ದಿನಾ ಮೇವು ಬೇಡುವ ಸಾಕುಪ್ರಾಣಿಗಳನ್ನು ಜನ ಹಣ ಕೊಟ್ಟು ಸಾಕುತ್ತಾರೆ. ಮೊಲಕ್ಕೆ ಮೇವು ಬೇಕೆಂದು ಒಪ್ಪಿಕೊಂಡ ಸಮುದಾಯ ಬಾಯ್ಲರಿಗೆ ಕಲ್ಲಿದ್ದಲು ಬೇಕೆಂದೂ ಒಪ್ಪಿಕೊಳ್ಳಬಲ್ಲದು. 2012ರ ‘ಗನ್ಸ್ ಆಫ್ ಐಕಾರಸ್ ಆನ್‌ಲೈನ್’ ವಾಯುನೌಕೆಯ ಆಟ ಅದನ್ನು ಒಂದು ಮಟ್ಟಿಗೆ ಮಾಡಿ ತೋರಿಸಿದೆ: ನಾಲ್ವರು ಆಟಗಾರರ ತಂಡದಲ್ಲಿ ಎಂಜಿನಿಯರ್ ಓಡಾಡುತ್ತಾ ರಿಪೇರಿ ಮಾಡದಿದ್ದರೆ ನೌಕೆ ನೆಲಕ್ಕೆ ಬೀಳುತ್ತದೆ. ಅಲ್ಲಿ ದುಡಿಮೆಯೇ ಆಟದ ರುಚಿ.

ಮುಂದೆ ಏನಾಗಬಹುದು

ಮೊದಲನೆಯದಾಗಿ, ಚಿತ್ರ ಮತ್ತು ತ್ರಿ–ಡಿ ಆಕಾರಗಳನ್ನು ಎಐ ಸಾಧನಗಳು ಕ್ಷಣದಲ್ಲಿ ಬಿಡಿಸಿಕೊಡುವ ಈ ದಿನಗಳಲ್ಲಿ ಹಿತ್ತಾಳೆಯ ತೋರಿಕೆ ಅಗ್ಗವಾಗಲಿದೆ. ಒಂದು ಗಡಿಯಾರಗೋಪುರಕ್ಕೆ ವಾರಗಟ್ಟಲೆ ಕುಳಿತು ತಿರುಪು ತಿರುಪನ್ನೂ ಜೋಡಿಸಿದವರ ಕೈಕೆಲಸಕ್ಕೆ ಬೆಲೆ ಇಳಿಯಬಹುದು. ಆಗ ಉಳಿಯುವ ವ್ಯತ್ಯಾಸ, ಯಂತ್ರ ಹೇಗೆ ಕಾಣುತ್ತದೆ ಎಂಬುದರಲ್ಲಿ ಇರುವುದಿಲ್ಲ. ಅದು ಹೇಗೆ ನಡೆಯುತ್ತದೆ, ಯಾರಿಗೆ ಏನು ಕೆಲಸ ಕೊಡುತ್ತದೆ ಎಂಬುದರಲ್ಲಿ ಇರುತ್ತದೆ. ಆ ಒತ್ತಡವೇ ಊರುಗಳನ್ನು ಕಾರ್ಯಕಾರಣದ ಕಡೆಗೆ ತಳ್ಳೀತೆಂದು ನಿರೀಕ್ಷಿಸಲು ಅವಕಾಶವಿದೆ.

ಎರಡನೆಯದು ಹೆಚ್ಚು ತುರ್ತಿನದು. ಈ ಊರುಗಳೆಲ್ಲ ಒಂದು ಕಂಪನಿಯ ಸರ್ವರ್ ಮೇಲೆ ನಿಂತಿವೆ. 2017ರಲ್ಲಿ ಒಝಿಮಲ್ಸ್ ಎಂಬ ಉದ್ದಿಮೆ ತನ್ನ ಸರ್ವರ್ ನಿಲ್ಲಿಸಿದಾಗ ಅದು ಮಾರಿದ್ದ ಮೊಲಗಳಿಗೆ ಮೇವು ತಿನ್ನಲಾಗದೆ ಹೋಯಿತು. ಕೊಂಡವರು ನೋಡುತ್ತಿದ್ದಂತೆಯೇ ಅವು ಸ್ತಬ್ಧವಾದವು. ಇಡೀ ಸೆಕೆಂಡ್ ಲೈಫ್‌ಗೆ ಅಂಥ ದಿನ ಬಂದರೆ, 2007ರಲ್ಲಿ ಆರಂಭವಾದ ಓಪನ್‌ಸಿಮ್ಯುಲೇಟರ್ ಎಂಬ ಮುಕ್ತ ತಂತ್ರಾಂಶದಲ್ಲಿ ಊರನ್ನು ಮತ್ತೆ ಎಬ್ಬಿಸುವುದು ತಾಂತ್ರಿಕವಾಗಿ ಸಾಧ್ಯ. ಅಡ್ಡಿ ಇರುವುದು ಹಕ್ಕುಗಳಲ್ಲಿ. ಸೆಕೆಂಡ್ ಲೈಫ್‌ನಲ್ಲಿ ಪ್ರತಿ ವಸ್ತುವಿಗೂ ನಕಲು, ಬದಲಾವಣೆ, ವರ್ಗಾವಣೆ ಎಂಬ ಮೂರು ಅನುಮತಿಗಳಿದ್ದು, ಅವನ್ನು ನಿರ್ಧರಿಸುವವನು ತಯಾರಿಸಿದವನು. ಒಂದು ಬೀದಿಯಲ್ಲಿ ದೀಪಕಂಬ ಒಬ್ಬರದು, ಕಿಟಕಿ ಇನ್ನೊಬ್ಬರದು, ಕಲ್ಲುಹಾಸು ಮತ್ತೊಬ್ಬರದು. ಬೀದಿಯನ್ನು ಹಾಗೆಯೇ ಬೇರೆಡೆಗೆ ಒಯ್ಯಬೇಕಾದರೆ ಇವರೆಲ್ಲರ ಒಪ್ಪಿಗೆ ಬೇಕು. ಇಪ್ಪತ್ತು ವರ್ಷ ಹಳೆಯ ಊರಿನಲ್ಲಿ ಅವರನ್ನೆಲ್ಲ ಹುಡುಕಿ ಕೇಳುವುದು ವರ್ಷ ಕಳೆದಂತೆ ಕಠಿಣವಾಗುತ್ತದೆ. ತಯಾರಕರು ಈಗಲೇ ತಮ್ಮ ಕೆಲಸಕ್ಕೆ ಸಂರಕ್ಷಣೆಯ ಅನುಮತಿಯನ್ನು ಬರಹದಲ್ಲಿ ಕೊಟ್ಟಿಡುವುದು, ಊರಿನ ಮುಖ್ಯಸ್ಥರು ಅದನ್ನು ಬಾಡಿಗೆ ಕರಾರಿನಲ್ಲೇ ಸೇರಿಸುವುದು, ಇವೆರಡಕ್ಕೂ ಲಿಂಡೆನ್ ಲ್ಯಾಬ್‌ನ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.